ಮೂವತ್ತನಾಲ್ಕನೆಯ ಒಲೆ

ನಮ್ಮ ಊರಿಗೆ ಇರುವುದು ಒಂದೇ ಬೀದಿ. ಗುಡ್ಡದ ಹೆಗಲಿನಿಂದ ಹೊರಟು ಹೊಳೆಯ ದಂಡೆಯವರೆಗೆ ಇಳಿಯುವ ಆ ಬೀದಿಗೆ ನಲವತ್ತೊಂದು ಮನೆಗಳು, ನಲವತ್ತೊಂದು ಒಲೆಗಳು. ಹೊತ್ತು ಮುಳುಗುತ್ತಲೇ ಅವೆಲ್ಲ ತಾವಾಗಿಯೇ ಆರುತ್ತವೆ. ಯಾರೂ ನೀರು ಚಿಮುಕಿಸುವುದಿಲ್ಲ, ಸೌದೆ ಹಿರಿಯುವುದಿಲ್ಲ. ಮೇಲ್ತುದಿಯ ಗೌಡರ ಮನೆಯ ಒಲೆಯೊಂದು ಮಾತ್ರ ಬೂದಿಯ ಕೆಳಗೆ ಎಚ್ಚರವಾಗಿರುತ್ತದೆ. ಅದಕ್ಕೆ ಮೊದಲೊಲೆ ಎಂದು ಹೆಸರು. ಬೆಳಕು ಹರಿದಾಗ ಅಲ್ಲಿಂದ ಎರಡನೆಯ ಮನೆಗೆ, ಎರಡನೆಯದರಿಂದ ಮೂರನೆಯದಕ್ಕೆ, ಹೀಗೆ ಕೆಂಡ ಕೈಯಿಂದ ಕೈಗೆ ಇಳಿದು ಬರುತ್ತದೆ. ಪರಸ್ಥಳದವರು ತರುವ ಬೆಂಕಿಪೊಟ್ಟಣದ ಕಡ್ಡಿಗಳು ನಮ್ಮಲ್ಲಿ ಹಲ್ಲು ಚುಚ್ಚಿಕೊಳ್ಳಲು ಮಾತ್ರ ಬರುತ್ತವೆ.

ಕೆಂಡ ಪಡೆಯುವ ಪ್ರತಿ ಮನೆಗೂ ಒಂದು ಬೋಕಿ ಉಂಟು: ಒಡೆದ ಗಡಿಗೆಯ ಅಗಲವಾದ ಚೂರು, ಅದರ ತಳಕ್ಕೆ ಒಂದು ಹಿಡಿ ಬೂದಿ. ಕೊಡುವವನ ಬೋಕಿಯಿಂದ ಪಡೆಯುವವನ ಬೋಕಿಗೆ ಕೆಂಡ ಹೊರಳಬೇಕು. ಒಬ್ಬರ ಮನೆಯ ಬೋಕಿ ಇನ್ನೊಬ್ಬರ ಕೈಯಲ್ಲಿ ಕೆಂಡವನ್ನು ಉಳಿಸಿಕೊಳ್ಳುವುದಿಲ್ಲ. ಹೆಣ್ಣು ನೋಡಲು ಬಂದವರು ಕುಲಗೋತ್ರಕ್ಕಿಂತ ಮೊದಲು ಕೇಳುವ ಮಾತು, "ನಿಮಗ ಕೆಂಡ ಕೊಡೋರು ಹೆಂಗದಾರ?" ಎಂಬುದು. ಬೇಲಿಯ ಜಗಳದಲ್ಲಿ ತಲೆ ಒಡೆದುಕೊಂಡ ಅಣ್ಣತಮ್ಮಂದಿರೂ ಮುಂಜಾನೆ ಮುಖ ತಿರುಗಿಸಿಕೊಂಡೇ ಕೆಂಡ ಹೊರಳಿಸುತ್ತಿದ್ದರು. ನಡುವಿನ ಒಂದು ಮನೆಯನ್ನು ಬಿಟ್ಟು ಮುಂದಿನದಕ್ಕೆ ಒಯ್ದರೆ ಏನಾದೀತು ಎಂದು ಯಾರೂ ಯಾರನ್ನೂ ಕೇಳಿರಲಿಲ್ಲ, ಏಕೆಂದರೆ ಯಾರೂ ಯಾವ ಮನೆಯನ್ನೂ ಬಿಟ್ಟಿರಲಿಲ್ಲ.

ನನ್ನ ಹೆಸರು ಗುರುಸಿದ್ದ, ನನ್ನದು ಮೂವತ್ತಮೂರನೆಯ ಮನೆ. ನೂಲಿಗೆ ಬಣ್ಣ ಹಾಕುವ ಕಸುಬು. ಹಂಡೆ ಕುದಿಯದಿದ್ದರೆ ನನ್ನ ದಿನವೂ ಕುದಿಯದು. ನನಗೆ ಕೆಂಡ ಕೊಡುತ್ತಿದ್ದವನು ಮೇಲುಮನೆಯ ಈರಪ್ಪ. ನಾನು ಕೊಡುತ್ತಿದ್ದುದು ಮೂವತ್ತನಾಲ್ಕನೆಯ ಮನೆಯ ಸಂಕಕ್ಕನಿಗೆ. ಆಕೆ ಹಳೆಯ ಬಟ್ಟೆಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದ ವಿಧವೆ. ನನಗಿಂತ ಹದಿನೈದು ವರ್ಷ ಹಿರಿಯಳು, ಮಾತು ಕಡಿಮೆ, ನಗು ಹೆಚ್ಚು. ಸತ್ತವರ ಅಂಗಿ, ಹೆತ್ತವರ ಸೀರೆ ಯಾವುದನ್ನು ಕೊಟ್ಟರೂ ಅದರ ಒಂದು ತುಂಡನ್ನು ಕಣ್ಣಿಗೆ ಬೀಳುವ ಕಡೆಯಲ್ಲೇ ಕೂರಿಸುತ್ತಿದ್ದಳು.

ಒಂದು ಸುಗ್ಗಿಯಲ್ಲಿ ಆಕೆ ಕಾಯಿಲೆ ಬಿದ್ದ ತಂಗಿಯ ಆರೈಕೆಗೆಂದು ಹೊಳೆ ದಾಟಿ ಹೋದಳು. ಮೂರು ತಿಂಗಳ ಮೇಲೆ ಮರಳಿದಾಗ ಕಂಕುಳಲ್ಲಿ ಒಂದು ಕಪ್ಪು ರಟ್ಟಿನ ಪುಸ್ತಕವಿತ್ತು. ತಂಗಿ ತೀರಿಕೊಂಡಿದ್ದಳು. ಆ ಕಡೆಯ ಒಂದು ಸಣ್ಣ ಸಭೆಯವರು ತಂಗಿಯ ಹಾಸಿಗೆಯ ಬಳಿ ಸರದಿಯಂತೆ ಕೂತು ಅವಳ ಹೇಲುಚ್ಚೆ ಬಳಿದರಂತೆ, ಕೊನೆಯ ದಿನ ಹಾಡಿದರಂತೆ. ಸಂಕಕ್ಕ ಅಲ್ಲೇ ಹೊಳೆಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡು ಬಂದಿದ್ದಳು. "ಯೇಸುಸ್ವಾಮಿಯ ಕೈ ಹಿಡದೀನಿ ತಮ್ಮಾ," ಎಂದು ನನಗೆ ಹೇಳಿದಳು, ಅಂಗಡಿಯಿಂದ ಉಪ್ಪು ತಂದೆ ಎನ್ನುವಷ್ಟು ಸರಳವಾಗಿ. ಹೆಸರು ಬದಲಿಸಿಕೊಳ್ಳಲಿಲ್ಲ, ಉಡುಗೆ ಬದಲಿಸಲಿಲ್ಲ. ಮುಂಜಾನೆ ಕೆಂಡಕ್ಕೆ ಕಾಯುತ್ತಾ ಹೊಸ್ತಿಲ ಮೇಲೆ ಕೂತು ಬೆರಳಿಟ್ಟುಕೊಂಡು ಓದುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿ ಬೀದಿಯ ಒಬ್ಬೊಬ್ಬರ ಹೆಸರನ್ನೂ ಹೇಳಿ ಪ್ರಾರ್ಥಿಸುತ್ತಿದ್ದಳು. ನನ್ನ ಹೆಸರಿನೊಂದಿಗೆ ನನ್ನ ಕೆಮ್ಮೂ ಸೇರಿರುತ್ತಿತ್ತು.

ಬದಲಾದದ್ದು ಒಂದೇ. ಕೆಂಡ ಬೋಕಿಗೆ ಹೊರಳಿದಾಗ ಪಡೆದವರು, "ಮೊದಲೊಲಿ ತಾಯಿಗೆ ಶರಣು," ಎನ್ನಬೇಕು. ಹಿರಿಯರು ಅಂದು ಬಂದ ಮಾತು. ಸಂಕಕ್ಕ ಅದನ್ನು ನಿಲ್ಲಿಸಿದಳು. ಬದಲಿಗೆ ನನ್ನ ಮುಖ ನೋಡಿ, "ಚಲೋ ಆಗಲಿ ತಮ್ಮಾ," ಎನ್ನುತ್ತಿದ್ದಳು. ಐದಾರು ತಿಂಗಳು ನಾನು ಕೇಳಿಸಿಕೊಂಡೂ ಕೇಳಿಸದವನಂತೆ ಇದ್ದೆ. ಆದರೆ ಅವಳ ಕೆಳಮನೆಯವನು ಬುಟ್ಟಿ ಹೆಣೆಯುವ ಯಮನಪ್ಪ. ಅವನ ಬಿದಿರುಕತ್ತಿಗಿಂತ ನಾಲಗೆ ಹರಿತ. ತನ್ನ ಸರದಿಗೆ ಕಾಯುತ್ತಾ ನಿಂತಿದ್ದವನು ಒಂದು ದಿನ ಬೀದಿಗೆಲ್ಲ ಕೇಳುವಂತೆ ಕೂಗಿದ: "ಸಂಕವ್ವಾ, ತಾಯಿ ಹೆಸರು ನುಂಗಿಬಿಟ್ಟಿಯಲ್ಲ! ಹೊಳಿ ಆಚಿ ನೀರು ಗಂಟಲಾಗ ಸಿಕ್ಕೈತೇನು?"

ಚಾವಡಿ ಸೇರಿತು. ವಿರುಪನಗೌಡರು ಕೆಟ್ಟವರಲ್ಲ, ಹಾಗೆಂದು ಈಗಲೂ ಹೇಳುತ್ತೇನೆ. ಮೂವತ್ತು ವರ್ಷ ಪ್ರತಿ ಮುಂಜಾನೆ ಇಡೀ ಬೀದಿಗೆ ಮೊದಲ ಕೆಂಡವನ್ನು ಒಲೆಯಿಂದ ನೇರವಾಗಿ ಎತ್ತಿ ಕೊಟ್ಟವರು. ಜ್ವರವಿದ್ದ ದಿನ ಕೂಡ ಮಗನ ಹೆಗಲ ಮೇಲೆ ಕೈಯಿಟ್ಟು ಎದ್ದು ಬಂದು ಕೊಟ್ಟವರು. ಅವರ ಅಂಜಿಕೆ ನಿಜವಾದದ್ದು: ತಾಯಿ ಮುನಿದರೆ ನಲವತ್ತೊಂದು ಮನೆ ತಣ್ಣಗಾಗುತ್ತವೆ.

"ಒಂದು ಮಾತವ್ವಾ," ಎಂದರು. "ಮನಸಿನಾಗ ಯಾರನ್ನರೆ ಇಟ್ಕೊ, ನಾ ಬಂದು ನೋಡಂಗಿಲ್ಲ. ಬಾಯಿಲೆ ಒಂದು ಮಾತು ಅಂದುಬಿಡು. ಆತು."

ಸಂಕಕ್ಕ ಕೆಳಗೆ ನೋಡುತ್ತಾ ಸೆರಗಿನ ಅಂಚಿನ ದಾರವನ್ನು ಬೆರಳಿಗೆ ಸುತ್ತುತ್ತಿದ್ದಳು. "ನಿಮ್ಮ ಮನಿ ಕೆಂಡ ಉಂಡು ಬೆಳದೀನಿ, ಗೌಡ್ರ. ನಿಮಗ ಶರಣು ಅಂತೀನಿ. ಕೊಟ್ಟ ಗುರುಸಿದ್ದಗೂ ಅಂತೀನಿ. ಒಲಿಗೆ ಮಾತ್ರ ಅನ್ನಾಕ ಬರಂಗಿಲ್ಲ. ನಾ ಒಬ್ಬರಿಗೆ ಶರಣಾಗೀನಿ. ಮನಸಿನಾಗ ಒಂದು, ಬಾಯಾಗ ಒಂದು ಇಟ್ಕೊಂಡ್ರ ಅವರಿಗೂ ಮೋಸ, ನಿಮಗೂ ಮೋಸ."

"ಹಂಗಾದರ ಅವರ ಕಡಿಂದನ ಕೆಂಡ ತರಿಸ್ಕೋ," ಎಂದ ಯಮನಪ್ಪ. ಜನ ನಕ್ಕರು. ನಾನೂ ಸ್ವಲ್ಪ ನಕ್ಕೆ ಎಂದು ನೆನಪು.

ತೀರ್ಪಾಯಿತು: ಆ ಮಾತು ಅನ್ನುವವರೆಗೆ ಮೂವತ್ತನಾಲ್ಕನೆಯ ಒಲೆಗೆ ಕೆಂಡವಿಲ್ಲ. ಕೊಟ್ಟವನ ಒಲೆಗೂ ಇಲ್ಲ. ಹೇಳುವುದಕ್ಕೆ ಅದು ಊರಿನ ತೀರ್ಪು. ಆದರೆ ನಿಲ್ಲಬೇಕಾದ ಕೈ ನನ್ನದೊಂದೇ ಆಗಿತ್ತು.

ಮರುದಿನ ನನ್ನ ಒಲೆ ಹೊತ್ತಿಸಿಕೊಂಡು, ಬೋಕಿ ಹಿಡಿದು, ಹೊಸ್ತಿಲ ಮೇಲೆ ತನ್ನ ಬೋಕಿಯೊಂದಿಗೆ ಕೂತಿದ್ದ ಸಂಕಕ್ಕನನ್ನು ದಾಟಿ ನಡೆದೆ. ನನ್ನ ಕಾಲುಗಳನ್ನು ಅಷ್ಟು ಚೆನ್ನಾಗಿ ನಾನು ಎಂದೂ ನೋಡಿಕೊಂಡಿರಲಿಲ್ಲ. ಅವಳ ಬಾಗಿಲಿನ ನಟ್ಟನಡುವೆ ಬಂದಾಗ ಬೋಕಿಯಲ್ಲಿ ಒಂದು ನಿಟ್ಟುಸಿರಿನಂಥ ಸಪ್ಪಳವಾಯಿತು. ಕೆಂಡ ಕಪ್ಪಾಗಿತ್ತು. ಮರಳಿ ಹೋಗಿ ಇನ್ನೊಂದನ್ನು ತಂದೆ, ಅದೂ ಅಲ್ಲಿಯೇ. ಮೂರನೆಯದನ್ನು ಓಡುತ್ತಾ ತಂದೆ. ಯಮನಪ್ಪ ಚಾಚಿದ ಬೋಕಿಗೆ ನಾನು ಸುರಿದದ್ದು ಬೂದಿ.

ಆಗ ನಮಗೆ ತಿಳಿಯಿತು, ಒಂದು ಮನೆಯನ್ನು ಆರಿಸಹೋಗಿ ಅದರ ಕೆಳಗಿನ ಏಳು ಮನೆಗಳನ್ನೂ ಆರಿಸಿದ್ದೇವೆ ಎಂದು. ತಿಳಿದ ಮೇಲೆ ತಪ್ಪನ್ನು ತಿದ್ದಿಕೊಳ್ಳಬಹುದಿತ್ತು. ಆದರೆ ಮನುಷ್ಯರು ತಪ್ಪಿಗೆ ಸುತ್ತುದಾರಿ ಹುಡುಕುವುದೇ ಹೆಚ್ಚು. ಹಿತ್ತಲುಗಳನ್ನು ಹಾಯ್ದು ಒಯ್ದೆವು, ಹೊಳೆಯಲ್ಲಿ ದೋಣಿ ಇಳಿಸಿ ಒಯ್ದೆವು. ಸಂಕಕ್ಕನ ಮನೆಯ ನೇರಕ್ಕೆ ಬರುತ್ತಲೇ, ಅದು ಎಷ್ಟೇ ದೂರದಲ್ಲಿರಲಿ, ಕೆಂಡ ಕಣ್ಣು ಮುಚ್ಚುತ್ತಿತ್ತು; ಕಾಸಿ ಒಯ್ದ ನೀರೂ ಅಲ್ಲೇ ತಣ್ಣಗಾಗುತ್ತಿತ್ತು. ಕೆಳಗಿನ ಏಳು ಮನೆಯವರು ನೆನೆದ ಅವಲಕ್ಕಿ, ಹಸಿ ಗೆಣಸು ತಿಂದರು. ಅಂಬಲಿಯ ಕನಸು ಕಂಡರು. ಅವರ ಸಿಟ್ಟು ಕೆಂಡ ನಿಲ್ಲಿಸಿದ ನನ್ನ ಮೇಲೆ ಬರಲಿಲ್ಲ, ಗೌಡರ ಮೇಲೂ ಹೋಗಲಿಲ್ಲ. ಅದು ಹತ್ತಿರವಿದ್ದವಳ ಮೇಲೆಯೇ ಬಿತ್ತು. ಅವಳ ಬಾಗಿಲಿಗೆ ಸಗಣಿ ಬಳಿದರು. ಒಣಹಾಕಿದ ಕೌದಿಗಳನ್ನು ಕತ್ತರಿಸಿದರು. ಬಾವಿಯಲ್ಲಿ ಅವಳ ಹಗ್ಗಕ್ಕೆ ಸರದಿ ಬರದಂತಾಯಿತು. ಆ ಕಪ್ಪು ಪುಸ್ತಕವನ್ನು ಯಾರೋ ಕಸಿದು ಹೊಳೆಗೆ ಎಸೆದರು. "ಈಗ ಏನು ಓದ್ತಿ?" ಎಂದು ಯಮನಪ್ಪ ಕೇಳಿದ್ದಕ್ಕೆ, "ಬಾಯಿಪಾಠ ಇದ್ದಷ್ಟು ಓದ್ತೀನಿ. ಇಲ್ಲದ್ದನ್ನ ನೆನಸ್ಕೋತ ಅಳ್ತೀನಿ," ಎಂದಳಂತೆ.

ಹೊಳೆಯಾಚೆಯ ಸಭೆಯವರು ದೋಣಿಯವನ ಕೈಯಲ್ಲಿ ಹೇಳಿಕಳಿಸಿದರು: ಇಲ್ಲಿಗೆ ಬಂದುಬಿಡು, ಜಾಗವಿದೆ. ನಾನೂ ಹಿತ್ತಲ ಗೋಡೆಯ ಮೇಲಿಂದ, ಯಾರೂ ನೋಡದ ಹೊತ್ತು ನೋಡಿಕೊಂಡು, "ಹೋಗಬಾರದೇನಕ್ಕಾ?" ಎಂದೆ.

"ನಾ ಹೋದರ ಈ ಏಳು ಮನಿಗೆ ಕೆಂಡ ಯಾರು ದಾಟಸ್ತಾರ?"

"ಈಗೂ ದಾಟವಲ್ದಲ್ಲ!"

"ಈಗ ನೀ ಕೊಡವಲ್ಲಿ, ಅದಕ್ಕ," ಎಂದಳು. ಬೈಗುಳವಿರಲಿಲ್ಲ ಆ ದನಿಯಲ್ಲಿ. ಬೈದಿದ್ದರೆ ನಾನು ಸುಖವಾಗಿ ಮಲಗುತ್ತಿದ್ದೆ.

ಹತ್ತನೆಯ ದಿನ ಗೌಡರಿಗೆ ಹೊಸ ವಿಚಾರ ಹೊಳೆಯಿತು. ನಡುವೆ ಮನೆಯೇ ಇಲ್ಲದಿದ್ದರೆ? ಆಗ ನನ್ನದೂ ಯಮನಪ್ಪನದೂ ಅಕ್ಕಪಕ್ಕದ ಮನೆಗಳಾಗುತ್ತವೆ. ಮಧ್ಯಾಹ್ನದ ಬಿಸಿಲಿನಲ್ಲಿ ಇಪ್ಪತ್ತು ಜನ ಹಾರೆ ಹಿಡಿದು ಬಂದರು. ಮಣ್ಣಿನ ಗೋಡೆ, ಸಂಜೆಯೊಳಗೆ ಕುಸಿಯಿತು. ಗಡಿಗೆಗಳನ್ನು ಒಡೆದು, ಚೂರುಗಳನ್ನೂ ಗೋಣಿಚೀಲಕ್ಕೆ ತುಂಬಿ ಒಯ್ದರು. ಕೈ ಚಾಚಲು ಒಂದು ಬೋಕಿಯೂ ಉಳಿಯಬಾರದೆಂದು. ಒಲೆಯ ಮೂರು ಕಲ್ಲುಗಳನ್ನು ಮಾತ್ರ ಯಾರೂ ಕದಲಿಸಲಿಲ್ಲ. ಒಲೆಯ ಕಲ್ಲನ್ನು ಮುಟ್ಟಲು ನಮ್ಮೂರಿನ ಯಾವ ಕೈಯೂ ಒಪ್ಪುವುದಿಲ್ಲ, ಸಿಟ್ಟಿನಲ್ಲೂ. ಸಂಕಕ್ಕ ಆ ಕಲ್ಲುಗಳ ಪಕ್ಕದಲ್ಲಿ, ಕತ್ತರಿಸಿದ ಕೌದಿಯೊಂದನ್ನು ಹೊದ್ದು ಕೂತಳು. ಅಂದೇ ಸಂಜೆ ಯಮನಪ್ಪನ ಮನೆಯಲ್ಲಿ ಅವನ ಮಗಳು ದುರಗವ್ವ ಹೆತ್ತಳು. ಬಿಸಿನೀರಿಲ್ಲದ, ಬೆಚ್ಚನೆ ಹೊಗೆಯಿಲ್ಲದ ಬಾಣಂತಿಕೋಣೆ. ಮಾರ್ಗಶಿರದ ಚಳಿ.

ಮುಂಜಾನೆ ಗೌಡರೇ ಇಳಿದು ಬಂದರು, ತಮ್ಮ ವಿಚಾರ ಫಲಿಸುವುದನ್ನು ನೋಡಲು. ಬೀದಿಯೆಲ್ಲ ಹಿಂದೆ ಬಂದಿತ್ತು. ನಾನು ಕೆಂಡ ಹಿಡಿದು ಬಯಲಾದ ಆ ಜಾಗವನ್ನು ಪ್ರವೇಶಿಸಿದೆ. ಏಳು ಹೆಜ್ಜೆ. ನಡುವಿನಲ್ಲಿ, ಗೋಡೆಗಳೇ ಇಲ್ಲದ ಅದೇ ನಡುವಿನಲ್ಲಿ, ಬೋಕಿ ನಿಟ್ಟುಸಿರು ಬಿಟ್ಟಿತು.

ಯಮನಪ್ಪ ಎದುರು ನಿಂತಿದ್ದ. ರಾತ್ರಿಯಿಡೀ ನಿದ್ದೆಯಿಲ್ಲದ ಮುಖ. ಅವನ ಬೋಕಿ ಕೈಯಿಂದ ಜಾರಿ ಕೆಳಗೆ ಬಿತ್ತು, ಒಡೆಯಲಿಲ್ಲ. ಅವನು ಹೋಗಿ ಸಂಕಕ್ಕನ ಕಾಲು ಹಿಡಿದುಕೊಂಡ.

"ಯವ್ವಾ, ನನ್ನ ನಾಲಗಿ ಸುಟ್ಟುಹೋಗಲಿ. ಕೂಸಿನ ಉಗುರು ನೀಲಿ ಆಗ್ಯಾವು. ಅಳಾಕೂ ಒಲ್ಲದು. ಆ ಒಂದು ಮಾತು ಅಂದುಬಿಡವ್ವಾ. ಒಂದ ಸಲ!"

ಅವಳ ತುಟಿ ನಡುಗುವುದನ್ನು ನಾನು ಕಂಡೆ. ಬಾಗಿಲಿಗೆ ಬಳಿದ ಸಗಣಿ, ಕುಸಿದ ಗೋಡೆ ಯಾವುದೂ ತರಿಸದಿದ್ದ ನಡುಕ. ಇದಕ್ಕಿಂತ ಕ್ರೂರವಾದ ಚಾವಡಿ ಬೇರೆ ಯಾವುದಿದ್ದೀತು? ಒಂದು ಕಡೆ ಕೂಸು, ಇನ್ನೊಂದು ಕಡೆ ನಾಲ್ಕು ಪದಗಳಷ್ಟೂ ಇಲ್ಲದ ಒಂದು ಮಾತು. ಅವಳು ಕಣ್ಣು ಮುಚ್ಚಿ ಏನನ್ನೋ ಕೇಳಿಕೊಂಡಳು. ಉತ್ತರ ಬಂತೋ ಇಲ್ಲವೋ ನನಗೆ ತಿಳಿಯದು. ಕಣ್ಣು ತೆರೆದಾಗ ಕೆನ್ನೆ ಒದ್ದೆಯಾಗಿತ್ತು.

"ಸುಳ್ಳು ಹೇಳಿ ತಂದ ಕೆಂಡದಾಗ ನಿನ್ನ ಕೂಸಿಗೆ ನೀರು ಕಾಸಬ್ಯಾಡ, ಯಮನಪ್ಪ. ತಡಿ. ಎದ್ದೇಳು. ಬೋಕಿ ಎತ್ಕೋ."

ಆಕೆ ಬಾಗಿ ಕುಸಿದ ಗೋಡೆಯ ಮಣ್ಣನ್ನು ಅಂಗೈಗೆ ತುಂಬಿಕೊಂಡಳು. ಎರಡೂ ಕೈ ಬೊಗಸೆ ಮಾಡಿ ನನ್ನ ಹೊಸ್ತಿಲಿಗೆ ಬಂದಳು.

"ತಮ್ಮಾ, ಕೊಡು."

"ಗುರುಸಿದ್ದಾ," ಎಂದರು ಗೌಡರು ಹಿಂದಿನಿಂದ. ದನಿ ಎತ್ತರಿಸಲಿಲ್ಲ. "ನಾಳಿಂದ ನಿನಗ ಕೊಡೋರು ಇರಂಗಿಲ್ಲ. ವಿಚಾರ ಮಾಡು."

ವಿಚಾರ ಮಾಡಿದೆ ಎಂದು ಹೇಳಿದರೆ ಸುಳ್ಳಾದೀತು. ಧೈರ್ಯ ಬಂತು ಎಂದರೂ ಸುಳ್ಳು. ಹನ್ನೊಂದು ದಿನ ದಾಟಿ ನಡೆದ ಆ ಹೊಸ್ತಿಲು ಈಗ ತಾನೇ ಎದ್ದು ನನ್ನ ಮನೆಗೆ ಬಂದಿತ್ತು. ಇನ್ನು ದಾಟಲು ನನಗೆ ಜಾಗವಿರಲಿಲ್ಲ. ಒಳಗೆ ಹೋಗಿ ಹೊಸ ಕೆಂಡ ತಂದೆ. ಬೋಕಿಯನ್ನು ಓರೆ ಮಾಡಿದೆ. ಮೂರು ಕೆಂಡಗಳು ಅವಳ ಬರಿಯ ಬೊಗಸೆಗೆ ಹೊರಳಿದವು.

ಆಕೆ ಏನನ್ನೂ ಅನ್ನಲಿಲ್ಲ. ಹಲ್ಲು ಕಚ್ಚಿದ್ದಳು. ಮಣ್ಣಿನ ತೆಳ್ಳನೆಯ ಪದರದ ಕೆಳಗೆ ಚರ್ಮ ಬೇಯುವ ವಾಸನೆ ನನ್ನ ಮೂಗಿಗೆ ಬಂತು. ಅದು ಯಾವ ಪವಾಡದಲ್ಲೂ ಬರುವ ವಾಸನೆಯಲ್ಲ. ಆದರೆ ಬಯಲಿನ ನಟ್ಟನಡುವೆ, ಹನ್ನೊಂದು ದಿನ ಎಲ್ಲ ಕೆಂಡಗಳೂ ಸತ್ತ ಆ ಜಾಗದಲ್ಲಿ, ಅವಳ ಬೊಗಸೆ ಒಮ್ಮೆಲೇ ದಾಸವಾಳದ ಹಾಗೆ ಕೆಂಪಗೆ ಅರಳಿತು. ಮಂಜಿನ ಆ ಮುಂಜಾನೆಯಲ್ಲಿ ಅವಳ ಗಲ್ಲ, ಹಣೆ, ನರೆತ ಕೂದಲು ಎಲ್ಲ ಬೆಳಗಿದವು. ನಲವತ್ತೊಂದು ಮನೆಯ ಜನ ಒಟ್ಟಿಗೆ ಹಿಂದೆ ಸರಿದರು. ಆಕೆ ಮೊದಲು ತನ್ನ ಮೂರು ಕಲ್ಲುಗಳ ನಡುವೆ ಬಾಗಿ ಒಂದು ಕೆಂಡವನ್ನು ಉದುರಿಸಿದಳು. ಒಲೆ ಮುಟ್ಟದೆ ಮುಂದೆ ಹೋಗಬಾರದಲ್ಲ. ಉಳಿದ ಎರಡನ್ನು ಯಮನಪ್ಪನ ಬೋಕಿಗೆ ಹೊರಳಿಸಿದಳು. ಅವನ ಬಾಯಿಂದ ಪದ್ಧತಿಯ ಮಾತು ಹೊರಡಲಿಲ್ಲ. ಅವನು ಬರೀ ಅವಳ ಕೈಗಳನ್ನೇ ನೋಡುತ್ತಿದ್ದ.

"ನೋಡ್ತಾ ನಿಂತಿಯಲ್ಲೋ ಮಾರಾಯಾ, ಓಡು!" ಎಂದಳು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಸು ಕಿರುಚಿತು. ಅಷ್ಟು ಕೆಟ್ಟ ದನಿಯನ್ನು ಅಷ್ಟು ಸಂತೋಷದಿಂದ ಜನ ಕೇಳಿದ್ದು ಅಂದೇ ಇರಬೇಕು. ಗೌಡರು ಗುಡ್ಡ ಹತ್ತಿದರು.

ಮರುದಿನ ಬೆಳಕು ಹರಿಯಿತು. ಈರಪ್ಪ ಬರಲಿಲ್ಲ. ನಾನು ಹೊಸ್ತಿಲ ಮೇಲೆ ಖಾಲಿ ಬೋಕಿ ಹಿಡಿದು ಕೂತಿದ್ದೆ. ಅಲ್ಲಿ ಕೂರುವುದು ಹೇಗಿರುತ್ತದೆ ಎಂದು ಕಲಿಯುತ್ತಿದ್ದೆ. ಹೆಂಡತಿ ಗಂಗವ್ವ ಬಂದು ಪಕ್ಕದಲ್ಲಿ ನಿಂತಳು.

"ಬಿಟ್ರು ನಮ್ಮನ್ನ," ಎಂದೆ.

ಆಕೆ ಮೇಲಕ್ಕೆ ನೋಡುತ್ತಿದ್ದಳು. "ಅಲ್ರೀ, ಯಾರ ಮನಿ ಮ್ಯಾಲೂ ಹೊಗಿ ಇಲ್ಲಲ್ಲ!"

ನಿಜ. ಗುಡ್ಡದವರೆಗೂ ಒಂದು ಸೂರಿನ ಮೇಲೂ ಹೊಗೆಯಿರಲಿಲ್ಲ. ಅಷ್ಟರಲ್ಲಿ ಈರಪ್ಪ ಏದುಸಿರು ಬಿಡುತ್ತಾ ಇಳಿದು ಬಂದ. ಅವನ ಕೈಯ ಬೋಕಿಯೂ ಖಾಲಿ. "ಮೊದಲೊಲಿ ತಣ್ಣಗಾಗೈತಿ," ಎಂದ. ದನಿ ಪಿಸುಮಾತಿಗಿಂತ ಸಣ್ಣದಾಗಿತ್ತು. "ಗೌಡ್ರು ಬೂದಿಯೊಳಗ ಕೈ ಇಟ್ಟು ಕುಂತಾರ. ಕಲ್ಲೂ ತಣ್ಣಗ."

ಗಂಗವ್ವ ನನ್ನ ಭುಜ ಹಿಡಿದು ಕೆಳಕ್ಕೆ ತಿರುಗಿಸಿದಳು. ಪಕ್ಕದ ಬಯಲಿನಲ್ಲಿ, ಮೂರು ಕಲ್ಲುಗಳ ನಡುವಿನಿಂದ, ಒಂದು ಎಳೆ ಹೊಗೆ ನೆಟ್ಟಗೆ ನಿಂತಿತ್ತು. ಹೊತ್ತು ಮುಳುಗಿದಾಗ ಆರದೆ ಉಳಿದಿದ್ದ ಒಲೆ. ದುರಗವ್ವನ ಹಳೆಯ ಸೀರೆಯ ಚೂರುಗಳನ್ನು ಎರಡೂ ಕೈಗೆ ಸುತ್ತಿಸಿಕೊಂಡು ಸಂಕಕ್ಕ ಅದರ ಮುಂದೆ ಕೂತಿದ್ದಳು. ಆಗಲೇ ಯಮನಪ್ಪನಿಗೆ ಕೊಟ್ಟಾಗಿತ್ತು. ಕೆಳಗಿನ ಏಳೂ ಮನೆ ಹೊಗೆಯಾಡುತ್ತಿದ್ದವು.

ಹುಟ್ಟಿದಾಗಿನಿಂದ ಮೇಲಿನಿಂದ ಪಡೆದವನು ನಾನು. ಕೆಂಡಕ್ಕಾಗಿ ಇಳಿದು ಹೋಗುವುದು ನನ್ನ ಕಾಲಿಗೆ ತಿಳಿಯದ ನಡಿಗೆ. ಹೋಗಿ ಬೋಕಿ ಚಾಚಿದೆ. ಆಕೆ ಎರಡು ಮಣಿಕಟ್ಟುಗಳ ನಡುವೆ ಒಂದು ಮರದ ಸೌಟನ್ನು ಹಿಡಿದು ಕಷ್ಟದಿಂದ ಕೆಂಡ ಎತ್ತಿ ಹೊರಳಿಸಿದಳು. ಅಭ್ಯಾಸಬಲದಿಂದ ನನ್ನ ಬಾಯಿ ತೆರೆಯಿತು. "ಮೊದಲೊಲಿ" ಎಂಬಲ್ಲಿಗೆ ನಿಂತಿತು. ಯಾವುದನ್ನು ಹಾಗೆ ಕರೆಯಬೇಕು?

"ಬಾಯಿ ಮುಚ್ಚು ತಮ್ಮಾ, ನೊಣ ಹೋಗ್ತಾವ," ಎಂದಳು ಸಂಕಕ್ಕ. "ಏನೂ ಅನ್ನಬ್ಯಾಡ. ಈರಪ್ಪ ಕಾಯಾಕಹತ್ಯಾನ, ನಡಿ."

ನಾನು ಈರಪ್ಪನಿಗೆ ಕೊಟ್ಟೆ. ಈರಪ್ಪ ತನ್ನ ಮೇಲಿನವರಿಗೆ. ಬೀದಿಯ ಉದ್ದಕ್ಕೂ ಜನ ಮೂಕರಾಗಿ ಬೋಕಿ ಚಾಚಿದರು, ಮೂಕರಾಗಿ ಪಡೆದರು. ಹೊಗೆ ಒಂದೊಂದೇ ಸೂರನ್ನು ಏರುತ್ತಾ ಗುಡ್ಡದ ಕಡೆಗೆ ನಡೆಯಿತು. ಆಮೇಲೆಯೂ ಸಂಕಕ್ಕನನ್ನು ಒಪ್ಪದವರಿದ್ದರು. ಮಾಟ ಎಂದವರಿದ್ದರು, ಅವಳ ಕೈಯ ಕೆಂಡದ ಅನ್ನಕ್ಕೆ ಉಪ್ಪು ಹತ್ತುವುದಿಲ್ಲ ಎಂದವರಿದ್ದರು. ಚಾವಡಿಯ ಕಟ್ಟೆ ಅವಳಿಗೆ ಬಹಳ ಕಾಲ ದಕ್ಕಲಿಲ್ಲ.

ಹೊಗೆ ಇಪ್ಪತ್ತನೆಯ ಮನೆಗೆ ತಲುಪಿದ್ದಾಗ ವಿರುಪನಗೌಡರು ಇಳಿದು ಬಂದರು. ಕೈಯಲ್ಲಿ ಒಂದು ಹಿತ್ತಾಳೆಯ ತಾಟು. ಅವರ ಮನೆ ಎಂದೂ ಯಾರಿಂದಲೂ ಕೆಂಡ ಪಡೆದದ್ದಲ್ಲ, ಹಾಗಾಗಿ ಅವರಲ್ಲಿ ಬೋಕಿಯೇ ಇರಲಿಲ್ಲ. ಮೊಣಕೈವರೆಗೆ ಬೂದಿ ಹತ್ತಿತ್ತು. ಯಮನಪ್ಪ ಏನೋ ಅನ್ನಲು ಬಾಯಿ ತೆರೆದವನು ಸಂಕಕ್ಕ ನೋಡಿದ್ದಕ್ಕೆ ನುಂಗಿಕೊಂಡ.

"ತಾಟಿನಾಗ ನಿಲ್ಲಂಗಿಲ್ಲ ಗೌಡ್ರ," ಎಂದಳು ಆಕೆ. "ಮಣ್ಣಿಂದ ಬೇಕು. ಯಾರರೆ ಒಂದು ಗಡಿಗಿ ಒಡದು ಕೊಡ್ತಾರ. ಮತ್ತ ನಿಮ್ಮ ಮನಿ ತುದಿಗೈತಿ. ಸರದಿ ಬರೂದು ಇನ್ನ ಹೊತ್ತಾಗತೈತಿ. ಕುಂದರ್ರಿ."

ಕೂರಲು ಅಲ್ಲಿ ಇದ್ದದ್ದು ಕುಸಿದ ಗೋಡೆಯ ಒಂದು ಹೆಂಟೆ. ಗೌಡರು ಕೂರಲಿಲ್ಲ. ಬಹಳ ಹೊತ್ತು ನಿಂತೇ ಇದ್ದರು. ಸೀರೆಯ ಚೂರು ಸುತ್ತಿದ ಅವಳ ಕೈಗಳ ಮೇಲೆ ಅವರ ಕಣ್ಣಿತ್ತು; ಬಟ್ಟೆಯಲ್ಲಿ ಅಲ್ಲಲ್ಲಿ ನೀರು ಜಿನುಗಿ ಕಲೆಯಾಗಿತ್ತು.

"ನೋಯ್ತೈತೇನವ್ವಾ?" ಎಂದು ಕೇಳಿದರು.

"ನೋಯ್ತೈತ್ರಿ," ಎಂದಳು ಸಂಕಕ್ಕ.

ಗೌಡರು ತಾಟನ್ನು ಕೆಳಗಿಟ್ಟು, ಆ ಮಣ್ಣಿನ ಮೇಲೆ ಕುಳಿತರು.